ಹೆಸರಿನ ಮುಂದಿನ 'ಎಚ್' ಮತ್ತು ದುಬೈಯ ಶಾಲೆ

ಹಳೇ ಮೈಸೂರು ಸೀಮೆಯಲ್ಲಿ ಮನುಷ್ಯನ ಹೆಸರಿಗಿಂತ ಮೊದಲು ಅವನ ಊರು ಬರುತ್ತದೆ. ಮಂಡ್ಯ ತಾಲ್ಲೂಕಿನ ಹೊಳಲಿನಲ್ಲಿ ಹುಟ್ಟಿದ ಮಗುವನ್ನು ಶಾಲೆಗೆ ಸೇರಿಸುವ ದಿನ, ಊರಿನದೊಂದು 'ಎಚ್', ತಂದೆಯ ಹೆಸರಿನ ಮೊದಲಕ್ಷರ ಒಂದು, ಇವೆರಡನ್ನೂ ಮುಂದಿಟ್ಟು ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಆ ಎರಡು ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತವೆ, ಅಲ್ಲಿಂದ ಪದವಿ ಪತ್ರಕ್ಕೆ, ಬಿ.ಇಡಿ. ಪ್ರಮಾಣಪತ್ರಕ್ಕೆ. ಮಂಡ್ಯ, ಮೈಸೂರು, ಬೆಂಗಳೂರುಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ತೊಂದರೆ ಶುರುವಾಗುವುದು ಹೊರದೇಶದ ಶಾಲೆಯೊಂದು 'ಬನ್ನಿ' ಎಂದು ಕರೆದಾಗ.

ಹೊಳಲಿನ ಒಬ್ಬ ಶಿಕ್ಷಕಿಗೆ ಹಾಗೆ ಕರೆ ಬಂತು ಎಂದಿಟ್ಟುಕೊಳ್ಳಿ. ಬಿ.ಎಸ್ಸಿ., ಬಿ.ಇಡಿ. ಆಗಿದೆ. ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಐದಾರು ವರ್ಷ ಗಣಿತ ಹೇಳಿದ ಅನುಭವವಿದೆ. ದುಬೈಯ ಶಾಲೆಯೊಂದು ಸಂದರ್ಶನ ಮುಗಿಸಿ ಸಂಬಳವನ್ನೂ ಹೇಳಿದೆ. ಇದು ಅಪರೂಪದ ಸಂಗತಿಯೇನಲ್ಲ. ಸಿ.ಬಿ.ಎಸ್.ಇ. ಮಾನ್ಯತೆ ಪಡೆದ ಶಾಲೆಗಳೇ ಹೊರದೇಶಗಳಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಹೆಚ್ಚಿನವು ಕೊಲ್ಲಿ ದೇಶಗಳಲ್ಲಿವೆ. ಇವಲ್ಲದೆ ಕೇಂಬ್ರಿಡ್ಜ್ ಮತ್ತು ಐ.ಬಿ. ಪಠ್ಯಕ್ರಮದ ಶಾಲೆಗಳು ಬೇರೆ. 1963ರಿಂದ ನಾಲ್ಕು ವರ್ಷದ ಬಿ.ಎಸ್ಸಿ.ಇಡಿ. ಶಿಕ್ಷಕರನ್ನು ತಯಾರು ಮಾಡುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಪಕ್ಕದ ಮೈಸೂರಿನಲ್ಲೇ ಇದೆ. ಗಣಿತ, ವಿಜ್ಞಾನ ಹೇಳಬಲ್ಲವರಿಗೆ ಕರೆ ಬರುವುದು ಸಹಜ.

ಕರೆ ಬಂದಾಗ ಮನೆಯವರೆಲ್ಲ ಮೊದಲು ನೋಡುವುದು ಸಂಬಳವನ್ನು. ಮನೆಯ ಹಿರಿಯ ಹೆಂಗಸು ಮಾತ್ರ, "ಹೋಗು ಮಗ, ಬರಕ್ಕೂ ದಾರಿ ಮಡಿಕಂಡು ಹೋಗು" ಎಂದಾಳು. ಇಡೀ ವಿಷಯದ ಸಾರ ಆ ಒಂದು ಮಾತಿನಲ್ಲಿದೆ. ಹೊರದೇಶದಲ್ಲಿ ಶಿಕ್ಷಕರನ್ನು ಕಾಯುವುದು ಕಾಗದಪತ್ರ. ಆ ಕಾಗದಪತ್ರ ಸರಿಮಾಡಿಕೊಳ್ಳಬೇಕಾದ್ದು ವಿಮಾನ ಹತ್ತುವ ಮೊದಲು, ಊರಿನಲ್ಲಿ ಇರುವಾಗಲೇ.

ಹೆಸರು ಒಂದೇ ಇರಲಿ

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ. ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಆಗ ಒಬ್ಬರು 'ಹೊಳಲು' ಎಂಬುದನ್ನೇ ಮನೆತನದ ಹೆಸರಾಗಿ ಬರೆಸುತ್ತಾರೆ, ಇನ್ನೊಬ್ಬರು ತಂದೆಯ ಹೆಸರನ್ನು, ಮತ್ತೊಬ್ಬರು ಮದುವೆಯ ನಂತರ ಗಂಡನ ಹೆಸರನ್ನು. ಆ ಕಾಲಂ ಖಾಲಿ ಬಿಡುವವರೂ ಉಂಟು. ಪದವಿ ಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಎಂದು ದುಬೈಯ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು?

ಒಂದೇ ಹೆಸರಿನ ಪಾಸ್‌ಪೋರ್ಟಿನ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. 2022ರ ನವೆಂಬರ್ 21ರಿಂದ ಯು.ಎ.ಇ. ದೇಶವು ಹೆಸರು ಅಥವಾ ಮನೆತನದ ಹೆಸರು ಎರಡರಲ್ಲೊಂದು ಮಾತ್ರ ಇರುವ ಪಾಸ್‌ಪೋರ್ಟಿನವರಿಗೆ ಭೇಟಿ ಮತ್ತು ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಒಪ್ಪುವುದಾಗಿ ಆಮೇಲೆ ತಿಳಿಸಿತು. ಶಿಕ್ಷಕಿ ಕೆಲಸದ ವೀಸಾದಲ್ಲೇ ಹೋದರೂ, ನಾಳೆ ಮಗಳನ್ನು ನೋಡಲು ಹೊರಡುವ ಅಪ್ಪ-ಅಮ್ಮನಿಗೆ ಈ ನಿಯಮ ಅಡ್ಡ ಬರಬಹುದು.

ಆದ್ದರಿಂದ ಮೊದಲ ಕೆಲಸ ಇದು: ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು, ಹುಟ್ಟಿದ ದಿನ, ತಂದೆ-ತಾಯಿಯ ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದು. ವ್ಯತ್ಯಾಸವಿದ್ದರೆ ಪಾಸ್‌ಪೋರ್ಟಿನಲ್ಲಿ ತಿದ್ದಿಸುವುದೇ, ಅಫಿಡವಿಟ್ ಸಾಕೇ ಎಂದು ಶಾಲೆಯನ್ನೇ ಬರಹದಲ್ಲಿ ಕೇಳಬೇಕು. ಪಾಸ್‌ಪೋರ್ಟ್ ಕೆಲಸಕ್ಕೆ ಈಗ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾದದ್ದು ಮೈಸೂರಿನಲ್ಲೇ.

ಪದವಿಗೆ ಮುದ್ರೆಗಳು

ಪದವಿ ಇದ್ದರೆ ಸಾಲದು. ಅದು ನಿಜವಾದ ಪದವಿ ಎಂದು ಸರ್ಕಾರಗಳು ಹೇಳಬೇಕು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ದೆಹಲಿಯ ವಿದೇಶಾಂಗ ಸಚಿವಾಲಯದ್ದು. 2005ರಲ್ಲಿ ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದರಿಂದ, ಆ ಒಪ್ಪಂದದಲ್ಲಿರುವ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಚೀಟಿಯೇ ಸಾಕು. ಒಮಾನ್, ಬಹ್ರೇನ್ ಈ ಸಾಲಿನಲ್ಲಿವೆ. ಸೌದಿ ಅರೇಬಿಯ 2022ರಲ್ಲಿ ಸೇರಿಕೊಂಡಿತು. ಯು.ಎ.ಇ.ಗೆ ಹೋಗುವವರು ಮಾತ್ರ ಸಚಿವಾಲಯದ ಮುದ್ರೆಯ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಸಚಿವಾಲಯವು ಅಪೊಸ್ಟಿಲ್‌ಗೆ ಪಡೆಯುವ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಮಿಕ್ಕದ್ದು ಸೇವಾ ಸಂಸ್ಥೆ, ರಾಯಭಾರ ಕಚೇರಿ, ಓಡಾಟದ ಖರ್ಚು. ದೊಡ್ಡ ಮೊತ್ತ ಕೇಳುವವರಿಂದ ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ರಸೀದಿ ಪಡೆಯುವುದು ಒಳಿತು. ಇದಕ್ಕೆಲ್ಲ ವಾರಗಳೇ ಹಿಡಿಯುತ್ತವೆ. ಕರೆ ಬಂದ ಮೇಲೆ ಶುರು ಮಾಡಿದರೆ ತಡವಾಗಬಹುದು.

ಮಂಡ್ಯ ಜಿಲ್ಲೆಯ ಶಿಕ್ಷಕರು ಇನ್ನೆರಡು ಸಂಗತಿ ಗಮನಿಸಬೇಕು. ಕೆಲಸ ಮಾಡುತ್ತಲೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು ಇಲ್ಲಿ ಬಹಳ. ಆ ವಿಶ್ವವಿದ್ಯಾಲಯಕ್ಕೆ 2013-14ರಿಂದ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ದೊರೆಯಿತು. ನಡುವಿನ ವರ್ಷಗಳಲ್ಲಿ ಸೇರಿದವರು ಅದನ್ನು ಮುಚ್ಚಿಡದೆ ಶಾಲೆಗೆ ಮೊದಲೇ ತಿಳಿಸಿ ಲಿಖಿತ ಉತ್ತರ ಪಡೆಯಬೇಕು. ಅಲ್ಲಿಗೆ ಹೋದ ಮೇಲೆ ಪದವಿ ನಡೆಯುವುದಿಲ್ಲ ಎಂದರೆ ಇಲ್ಲಿನ ಕೆಲಸವೂ ಹೋಗಿರುತ್ತದೆ. ಎರಡನೆಯದು ಬಿ.ಇಡಿ. ಅವಧಿ. ಈ ಕೋರ್ಸು ಎರಡು ವರ್ಷವಾದದ್ದು 2015ರಿಂದ. ಅದಕ್ಕೆ ಮೊದಲು ಓದಿದವರ ಒಂದು ವರ್ಷದ ಬಿ.ಇಡಿ. ಕಂಡು ಹೊರದೇಶದ ಪ್ರಾಂಶುಪಾಲರು ಹುಬ್ಬೇರಿಸಿಯಾರು. ಆಗಿನ ಪೂರ್ಣ ಕೋರ್ಸು ಅಷ್ಟೇ ಇತ್ತು ಎಂಬ ಪತ್ರವೊಂದನ್ನು ವಿಶ್ವವಿದ್ಯಾಲಯದಿಂದ ತಂದಿಟ್ಟುಕೊಂಡರೆ ಮಾತು ಉಳಿಯುತ್ತದೆ.

ಓದಿದವರಿಗೆ ಕಾವಲು ಕಡಿಮೆ

ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟರೆ, 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅಧಿಕಾರಿಯ ಅನುಮತಿ ಬೇಕು. ಅವರ ಕರಾರುಪತ್ರವನ್ನು ಆ ಅಧಿಕಾರಿ ನೋಡುತ್ತಾರೆ. ಹತ್ತನೆಯದು ಪಾಸಾದವರಿಗೆ ಈ ತಪಾಸಣೆ ಇಲ್ಲ. ಎರಡು ಪದವಿ ಪಡೆದ ಶಿಕ್ಷಕಿಯ ಕರಾರನ್ನು ಹೊರಡುವ ಮೊದಲು ಸರ್ಕಾರದ ಯಾರೂ ಓದಿ ನೋಡುವುದಿಲ್ಲ. ಓದಿದವರು, ತಾವೇ ಓದಿಕೊಳ್ಳುತ್ತಾರೆ ಎಂಬುದು ಅದರ ಅರ್ಥ. ಓದಿದವರೇ ಓದದೆ ಸಹಿ ಹಾಕುವುದು ವಿಪರ್ಯಾಸ.

ಏಜೆಂಟರ ಮೂಲಕ ಹೋಗುವುದಾದರೆ ಅವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡವರೇ ಎಂದು 'ಇ-ಮೈಗ್ರೇಟ್' ತಾಣದ ಪಟ್ಟಿಯಲ್ಲಿ ನೋಡಬೇಕು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಯು.ಎ.ಇ. ಕಾನೂನಿನಲ್ಲಂತೂ ನೇಮಕಾತಿಯ ಖರ್ಚನ್ನು ಕೆಲಸಗಾರರ ತಲೆಗೆ ಕಟ್ಟುವಂತೆಯೇ ಇಲ್ಲ. ಹಾಗಿರುವಾಗ ಲಕ್ಷಗಟ್ಟಲೆ ಕೇಳುವವರಿಗೆ ಕೊಡಲು ಒಡವೆ ಅಡವಿಡುವುದು, ಗದ್ದೆಯನ್ನು ಭೋಗ್ಯಕ್ಕೆ ಹಾಕುವುದು ಬುದ್ಧಿವಂತಿಕೆಯಲ್ಲ. ಸಾಲ ಹೊತ್ತು ಹೋದವರು ಅಲ್ಲಿ ಏನೇ ಆದರೂ ಸಹಿಸಿಕೊಂಡು ಇರಬೇಕಾಗುತ್ತದೆ. ಕೆಟ್ಟ ಶಾಲೆಗೆ ಬೇಕಾದದ್ದೂ ಅಂಥವರೇ.

"ಮೇಡಮ್, ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ್ಮೇಲೆ ಎಲ್ಲ ಮಾಡ್ಸಿಕೊಡ್ತಾರೆ" ಎನ್ನುವ ಮಾತು ಕೇಳಿದ ಕೂಡಲೆ ಎದ್ದು ಬರುವುದು ಕ್ಷೇಮ. ಭೇಟಿ ವೀಸಾದಲ್ಲಿ ಪಾಠ ಹೇಳುವುದು ಅಲ್ಲಿ ಕಾನೂನು ಬಾಹಿರ. ಸಂಬಳ ಕೊಡದಿದ್ದರೆ ದೂರು ಕೊಡಲೂ ಧೈರ್ಯ ಬಾರದು.

ತೂಕದ ಚೀಟಿ

1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂದಾಗಿನಿಂದ ಈ ಸೀಮೆಯ ರೈತರು ಕಲಿತ ಪಾಠ ಒಂದಿದೆ: ಕಬ್ಬಿನ ಗಾಡಿ ತೂಗಿಸಿದ ಮೇಲೆ ಚೀಟಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬಾರದು. ಶಿಕ್ಷಕರ ಕರಾರುಪತ್ರವೂ ಅಂಥ ಚೀಟಿಯೇ.

ಅದರಲ್ಲಿ ಮೊದಲು ನೋಡಬೇಕಾದದ್ದು ಮೂಲ ಸಂಬಳ. ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ 4,000 ದಿರ್ಹಮ್ ಗೊತ್ತಾಗಿದೆ ಎಂದುಕೊಳ್ಳಿ. ಒಬ್ಬರ ಮೂಲ ಸಂಬಳ 3,000, ಇನ್ನೊಬ್ಬರದು 2,000, ಉಳಿದದ್ದು ಭತ್ಯೆ. ಕೈಗೆ ಬರುವುದು ಒಂದೇ. ಆದರೆ ಯು.ಎ.ಇ. ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ಸಂಬಳದ ಮೇಲೆ ಲೆಕ್ಕವಾಗುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ನಂತರದ ವರ್ಷಗಳಿಗೆ 30 ದಿನದ್ದು. ಐದು ವರ್ಷ ದುಡಿದರೆ ಮೊದಲನೆಯವರಿಗೆ 10,500 ದಿರ್ಹಮ್, ಎರಡನೆಯವರಿಗೆ 7,000. ಸಹಿ ಹಾಕುವ ದಿನ ಕಾಣದ ವ್ಯತ್ಯಾಸ ಊರಿಗೆ ಮರಳುವ ದಿನ ಕಾಣುತ್ತದೆ.

2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನ ಇನ್ನು ಕೆಲವು ಅಂಶಗಳನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಲ್ಲ. ಪರೀಕ್ಷಣಾ ಅವಧಿ ಆರು ತಿಂಗಳು ಮೀರಬಾರದು. ಆ ಅವಧಿಯಲ್ಲಿ ತೆಗೆದುಹಾಕುವುದಾದರೂ 14 ದಿನ ಮುಂಚೆ ತಿಳಿಸಬೇಕು. ನಂತರದ ನೋಟಿಸ್ ಅವಧಿ 30ರಿಂದ 90 ದಿನ. ಹೆರಿಗೆ ರಜೆ 60 ದಿನ. ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಕೆಲಸ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಚುಕ್ತಾ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೌಕರರ ದಾಖಲೆಪತ್ರಗಳನ್ನು ಶಾಲೆ ತನ್ನ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. 'ಭದ್ರವಾಗಿರಲಿ ಅಂತ' ಎಂದು ಪಾಸ್‌ಪೋರ್ಟ್ ಕೇಳಿದರೆ, ವೀಸಾ ಕೆಲಸಕ್ಕೆ ಕೊಟ್ಟು, ರಸೀದಿ ಪಡೆದು, ಕೆಲಸ ಮುಗಿದೊಡನೆ ವಾಪಸು ಕೇಳಬೇಕು. ಮೂಲ ಅಂಕಪಟ್ಟಿಗಳಿಗೂ ಇದೇ ಮಾತು.

ಕಾನೂನಿನಲ್ಲಿ ಇರದ, ಕರಾರಿನಲ್ಲಿ ಮಾತ್ರ ಇರುವ ಪ್ರಶ್ನೆಗಳೂ ಇವೆ. ಬೇಸಿಗೆಯ ಜುಲೈ-ಆಗಸ್ಟ್ ರಜೆಗೆ ಸಂಬಳ ಉಂಟೇ? ನಡುವರ್ಷದಲ್ಲಿ ಸೇರಿದವರಿಗೂ ಉಂಟೇ? ಮನೆ ಶಾಲೆಯದೋ, ಬಾಡಿಗೆ ಹಣವೋ? ಊರಿಗೆ ಬಂದು ಹೋಗುವ ಟಿಕೆಟ್ಟು ವರ್ಷಕ್ಕೊಮ್ಮೆಯೋ, ಎರಡು ವರ್ಷಕ್ಕೊಮ್ಮೆಯೋ? ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಎಷ್ಟು? ಸಂಸಾರ ಕರೆಸಿಕೊಳ್ಳಲು ಯು.ಎ.ಇ.ಯಲ್ಲಿ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೆ 3,000 ಮತ್ತು ವಸತಿ ಇರಬೇಕು. ಇದನ್ನು ನೋಡದೆ ಗಂಡ-ಮಕ್ಕಳಿಗೆ ಮಾತು ಕೊಡಬಾರದು. ಕುವೈತ್, ಕತಾರ್, ಮಾಲ್ದೀವ್ಸ್ ದೇಶಗಳ ನಿಯಮಗಳು ಬೇರೆ; ಪ್ರಶ್ನೆಗಳು ಮಾತ್ರ ಇವೇ.

ಶಾಲೆ ಎಂಥದೆಂದು ತಿಳಿಯಲು ದುಬೈಯಲ್ಲಿ ಒಂದು ಅನುಕೂಲವಿದೆ. ಅಲ್ಲಿನ ಶಿಕ್ಷಣ ಪ್ರಾಧಿಕಾರ ಕೆ.ಎಚ್.ಡಿ.ಎ. ಖಾಸಗಿ ಶಾಲೆಗಳ ತಪಾಸಣಾ ವರದಿಗಳನ್ನು ಸಾರ್ವಜನಿಕರಿಗೆ ಪ್ರಕಟಿಸುತ್ತ ಬಂದಿದೆ. ಹಳೆಯ ಒಂದೆರಡು ವರದಿ ಓದಿದರೆ ಆ ಶಾಲೆಯ ಪಾಠ, ಆಡಳಿತ ಹೇಗಿವೆಯೆಂದು ಅಂದಾಜಾಗುತ್ತದೆ. ಹೆಣ್ಣು ಕೊಡುವ ಮುನ್ನ ನೆಂಟರಿಷ್ಟರನ್ನು ವಿಚಾರಿಸುವುದಿಲ್ಲವೇ? ಇದೂ ಹಾಗೆಯೇ.

ತರಗತಿಯೊಳಗೆ

ಹೊರದೇಶದ ಸಿ.ಬಿ.ಎಸ್.ಇ. ಶಾಲೆಯಲ್ಲಿ ಪುಸ್ತಕ ಪರಿಚಿತವೇ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐ.ಬಿ. ಮತ್ತು ಕೇಂಬ್ರಿಡ್ಜ್ ಶಾಲೆಗಳಲ್ಲಿ ದಾರಿ ಬೇರೆ. ಅಲ್ಲಿ ಸೂತ್ರ ಬರೆಸಿ ಲೆಕ್ಕ ಮಾಡಿಸಿದರೆ ಸಾಲದು; ಪ್ರಶ್ನೆಯಿಂದ ಶುರು ಮಾಡಿ ಮಕ್ಕಳೇ ಸೂತ್ರದವರೆಗೆ ಬರುವಂತೆ ಮಾಡಬೇಕು. ನೋಟ್ಸ್ ಬರೆಸುವುದಕ್ಕೆ ಒಗ್ಗಿದವರಿಗೆ ಮೊದಲ ಅವಧಿ ಕಷ್ಟವೇ. ಹೊರಡುವ ಮುನ್ನ ಇಲ್ಲಿನ ತರಗತಿಯಲ್ಲೇ ಒಂದು ಪಾಠವನ್ನು ನೋಟ್ಸ್ ಇಲ್ಲದೆ, ಬರೀ ಪ್ರಶ್ನೆಗಳಿಂದ ನಡೆಸಿ ಅಭ್ಯಾಸ ಮಾಡಬಹುದು. ಚೆರಕು ಅಳೆದು ಎಕರೆಗೆ ಎಷ್ಟು ಟನ್ನು ಎಂದು ಅಂದಾಜು ಕಟ್ಟುವ ಊರಿನ ಮಕ್ಕಳಿಗೆ ಸರಾಸರಿಯ ಪಾಠ ಹೀಗೆ ಹೇಳುವುದು ಕಷ್ಟವಲ್ಲ.

ಮಕ್ಕಳ ಮೈಮುಟ್ಟಿ ಗದರಿಸುವುದು, ಪ್ರೀತಿಯಿಂದಲೇ ಆದರೂ ಕಿವಿ ಹಿಂಡುವುದು, ತರಗತಿಯ ಫೋಟೊ ತೆಗೆದು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಇವು ಕೆಲಸಕ್ಕೇ ಸಂಚಕಾರ ತರುವ ತಪ್ಪುಗಳು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಯು.ಎ.ಇ.ಯಲ್ಲಿ ಅಪರಾಧ.

ಶಾಲೆಯ ಗೇಟಿನಾಚೆ

ಊರಿನಲ್ಲಿ ಪುಣ್ಯದ ಕೆಲಸವೆನಿಸಿದ್ದು ಅಲ್ಲಿ ಅಪರಾಧವಾಗಬಹುದು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಆಸ್ಪತ್ರೆಯಲ್ಲಿರುವ ಪರಿಚಿತರಿಗೆ ಎಂದು ಅಲ್ಲಿನ ಕನ್ನಡಿಗರಿಂದ ಚಂದಾ ಎತ್ತಲು ಹೊರಡಬಾರದು. ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದನ್ನು ಯು.ಎ.ಇ. ಕಾನೂನು ನಿಷೇಧಿಸಿದೆ. ಸಂಜೆ ಮನೆಪಾಠ ಹೇಳಲೂ ಅನುಮತಿ ಬೇಕು. 2023ರ ಡಿಸೆಂಬರಿನಲ್ಲಿ ಅಲ್ಲಿ ಇದಕ್ಕೆಂದೇ ಎರಡು ವರ್ಷದ ಪರವಾನಗಿ ಪದ್ಧತಿ ಬಂದಿದೆ. ಅದನ್ನು ಪಡೆದೇ ಶುರು ಮಾಡಬೇಕು. ಮಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ಇಲ್ಲಿ ವೈದ್ಯರು ಬರೆದುಕೊಡುವ ಕೆಲವು ನೋವಿನ, ಕೆಮ್ಮಿನ ಔಷಧಿಗಳು, ಮುಖ್ಯವಾಗಿ ಕೊಡೀನ್, ಟ್ರಮಡಾಲ್ ಇರುವಂಥವು, ಅಲ್ಲಿ ನಿರ್ಬಂಧಿತ.

ಕಷ್ಟ ಬಂದರೆ ಕೇಳುವವರಿಲ್ಲ ಎಂದೇನೂ ಇಲ್ಲ. ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ನೆರವಿನ ಕೇಂದ್ರವಿದೆ. ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ 'ಮದದ್' ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ಆದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, 'ಕರಾರಿನ ಪ್ರತಿ ಇದೆಯೇ?'

ಊರಿನ ಗದ್ದೆ, ಊರಿನ ಖಾತೆ

ಮಂಡ್ಯದವರು ದುಡಿದ ಹಣ ಕೊನೆಗೆ ಸೇರುವುದು ಮಣ್ಣಿಗೆ. ಇಲ್ಲೊಂದು ತೊಡಕಿದೆ. ಕೆಲಸಕ್ಕಾಗಿ ದೇಶ ಬಿಟ್ಟವರು ಅನಿವಾಸಿ ಭಾರತೀಯರಾಗುತ್ತಾರೆ. ವಿದೇಶಿ ವಿನಿಮಯ ಕಾಯ್ದೆಯ ನಿಯಮದಂತೆ ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಮನೆ, ಸೈಟು ಕೊಳ್ಳಲು ಅಡ್ಡಿಯಿಲ್ಲ. ಪಕ್ಕದ ಗದ್ದೆ ಮಾರಾಟಕ್ಕಿದೆ ಎಂದು ಅಣ್ಣ ಫೋನು ಮಾಡಿದ ಕೂಡಲೆ ಹಣ ಕಳಿಸುವ ಮುನ್ನ ತಿಳಿದವರನ್ನು ಕೇಳಬೇಕು. ಯಾರದೋ ಹೆಸರಿನಲ್ಲಿ ಕೊಂಡ ಗದ್ದೆ, ಮರಳಿ ಬಂದಾಗ ಅವರದೇ ಆಗಿರುತ್ತದೆ.

ಊರಿನ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಾಯಿಸಬೇಕು, ಹೊರದೇಶದ ಸಂಬಳಕ್ಕೆ ಎನ್.ಆರ್.ಇ. ಖಾತೆ ತೆರೆಯಬಹುದು. ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ, ಕೆಲಸಕ್ಕೆಂದು ಹೊರಟ ವರ್ಷ ಭಾರತದಲ್ಲಿ 182 ದಿನ ತುಂಬಿರದಿದ್ದರೆ ಆ ವರ್ಷವೇ ಅನಿವಾಸಿ. ಏಪ್ರಿಲ್ ಒಂದರಿಂದ ಇಲ್ಲೇ ಇದ್ದು ಆಗಸ್ಟ್ ಕೊನೆಗೆ ಹೊರಟವರಿಗೆ 153 ದಿನವಷ್ಟೇ ಆಗಿರುತ್ತದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರು ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹೊರಡಲೇಬಾರದು. 'ಹೋಗಿ ನೋಡೋಣ, ಆಗದಿದ್ದರೆ ಬಂದು ಸೇರೋಣ' ಎಂದು ರಜೆ ಚೀಟಿ ಬರೆದಿಟ್ಟು ಹೋದವರ ಗೈರುಹಾಜರಿ ಶಿಸ್ತುಕ್ರಮಕ್ಕೆ ದಾರಿಯಾಗುತ್ತದೆ. ಖಾಸಗಿ ಶಾಲೆಯವರು ಅನುಭವ ಪತ್ರ, ಬಿಡುಗಡೆ ಪತ್ರ ಪಡೆದೇ ಹೊರಡಬೇಕು. ಅಲ್ಲಿಂದ ಮರಳುವಾಗಲೂ ಅಷ್ಟೇ. ಅಲ್ಲಿನ ಅನುಭವ ಪತ್ರವಿಲ್ಲದೆ ಬಂದರೆ ಆ ವರ್ಷಗಳು ಇಲ್ಲಿನ ಲೆಕ್ಕಕ್ಕೆ ಸೇರುವುದು ಕಷ್ಟ.

ಕೊನೆಯದಾಗಿ, ಪಾಸ್‌ಪೋರ್ಟ್, ವೀಸಾ, ಕರಾರು, ಪದವಿ ಪತ್ರಗಳ ಒಂದು ಜೊತೆ ನಕಲನ್ನು ಊರ ಮನೆಯ ಟ್ರಂಕಿನಲ್ಲಿ ಇಟ್ಟು, ಎಲ್ಲಿದೆಯೆಂದು ಮನೆಯ ಒಬ್ಬರಿಗೆ ತೋರಿಸಿ ಹೋಗಬೇಕು. ಶಾಲೆಯ ವಿಳಾಸ, ಜೊತೆ ಶಿಕ್ಷಕರೊಬ್ಬರ ಫೋನ್ ನಂಬರು ಅದೇ ಕಟ್ಟಿನಲ್ಲಿರಲಿ. ಮೂರು ತಿಂಗಳ ಖರ್ಚು ಮತ್ತು ಒಂದು ಟಿಕೆಟ್ಟಿನ ಹಣ ಯಾರೂ ಮುಟ್ಟದ ಖಾತೆಯಲ್ಲಿರಲಿ. ಇಷ್ಟಿದ್ದರೆ, ಒಳ್ಳೆಯ ಶಾಲೆ ಸಿಕ್ಕವರು ನಿಶ್ಚಿಂತೆಯಿಂದ ಪಾಠ ಹೇಳುತ್ತಾರೆ. ಕೆಟ್ಟ ಶಾಲೆ ಸಿಕ್ಕವರು ನಿಶ್ಚಿಂತೆಯಿಂದ ಬಿಟ್ಟು ಬರುತ್ತಾರೆ. ಬರುವ ದಾರಿ ಇಟ್ಟುಕೊಂಡವರು ಎಲ್ಲಿಗೆ ಹೋದರೂ, ಹೆಸರಿನ ಮುಂದಿನ 'ಎಚ್' ಅವರ ಪಾಲಿಗೆ ಬರೀ ಅಕ್ಷರವಾಗಿ ಉಳಿಯುವುದಿಲ್ಲ.